ಇನ್‌ಫ್ಲುಯೆನ್ಸರ್‌ಗಳ ಮೇಲಿನ ಟೀಕೆ: ಅನುಕೂಲಸ್ಥರ ಬದುಕು ಮತ್ತು ತೋರಿಕೆಯ ಹೋರಾಟದ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಪಾಠ ಹೇಳುವ ನನ್ನ ಮುಂದೆ ಇತ್ತೀಚಿನ ವರ್ಷಗಳಲ್ಲಿ ಹೆಚ್ಚಾಗಿ ಬರುವ ಪ್ರಶ್ನೆಗಳು ಇನ್‌ಸ್ಟಾಗ್ರಾಂ ಮತ್ತು ಯೂಟ್ಯೂಬ್‌ನಲ್ಲಿ ತಮ್ಮ ದಿನನಿತ್ಯದ ಬದುಕನ್ನೇ ತೋರಿಸಿ ಹೆಸರು, ಹಣ ಗಳಿಸುವ ಇನ್‌ಫ್ಲುಯೆನ್ಸರ್‌ಗಳನ್ನು ಕುರಿತವು. ವಿದ್ಯಾರ್ಥಿಗಳಷ್ಟೇ ಅಲ್ಲದೆ ಅವರ ತಂದೆ ತಾಯಂದಿರು, ಹುಬ್ಬಳ್ಳಿಯ ಬಟ್ಟೆ ಅಂಗಡಿಯವರು, ಗದಗ ಮತ್ತು ಹಾವೇರಿ ಕಡೆಯಿಂದ ಸ್ವತಃ ರೀಲ್ಸ್ ಮಾಡುವ ಹುಡುಗ ಹುಡುಗಿಯರೂ ಕೇಳಿದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಆಯ್ದು, ಅವುಗಳಿಗೆ ನನಗೆ ಸರಿಕಂಡ ಉತ್ತರಗಳನ್ನು ಇಲ್ಲಿ ಕೊಟ್ಟಿದ್ದೇನೆ.

ಲೈಫ್‌ಸ್ಟೈಲ್ ಇನ್‌ಫ್ಲುಯೆನ್ಸರ್‌ಗಳನ್ನು ಜನ ಈಗ ಇಷ್ಟೊಂದು ಟೀಕಿಸುತ್ತಿರುವುದು ಏಕೆ?

2020ರ ಜೂನ್ 29ರಂದು ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಮರುತಿಂಗಳೇ ಇನ್‌ಸ್ಟಾಗ್ರಾಂ ನಮ್ಮ ದೇಶದಲ್ಲಿ ರೀಲ್ಸ್ ಆರಂಭಿಸಿತು. ಕೊರೊನಾ ಕಾರಣದಿಂದ ಮನೆಯಲ್ಲೇ ಉಳಿದಿದ್ದ ಜನರಿಗೆ ಇನ್ನೊಬ್ಬರ ಅಡುಗೆಮನೆ, ಬಟ್ಟೆಯ ಕಪಾಟು, ಮದುವೆ, ಬಾಣಂತನ ಎಲ್ಲವನ್ನೂ ಮೊಬೈಲಿನಲ್ಲಿ ನೋಡುವ ರೂಢಿ ಆಗ ಗಟ್ಟಿಯಾಯಿತು. ಸಿನಿಮಾ ನಟರೊಬ್ಬರು ಸೋಪು ಹಿಡಿದು ನಿಂತರೆ ಅದು ಜಾಹೀರಾತು ಎಂದು ಚಿಕ್ಕ ಮಕ್ಕಳಿಗೂ ತಿಳಿಯುತ್ತದೆ. ಇನ್‌ಫ್ಲುಯೆನ್ಸರ್‌ಗಳ ವ್ಯವಹಾರ ನಿಂತಿರುವುದೇ 'ನಾನೂ ನಿಮ್ಮ ಮನೆಯವಳು' ಎಂಬ ನಂಬಿಕೆಯ ಮೇಲೆ. ಆ ನಂಬಿಕೆಯೇ ಅವರ ಬಂಡವಾಳ ಆಗಿರುವುದರಿಂದ, ಅದಕ್ಕೆ ಪೆಟ್ಟು ಬಿದ್ದಾಗ ಹುಟ್ಟುವ ಸಿಟ್ಟು ಒಂದು ಕಂಪನಿಯ ಮೇಲಿನ ಸಿಟ್ಟಿಗಿಂತ ತೀಕ್ಷ್ಣವಾಗಿರುತ್ತದೆ.

ಟೀಕೆಗಳು ಮುಖ್ಯವಾಗಿ ಎರಡು. ತಮಗೆ ಹುಟ್ಟಿನಿಂದ ಅಥವಾ ಹಣದಿಂದ ಒದಗಿದ ಅನುಕೂಲವನ್ನು ಮರೆಮಾಚಿ, ಎಲ್ಲವೂ ಸ್ವಂತ ದುಡಿಮೆಯ ಫಲ ಎಂದು ಇತರರಿಗೆ ಉಪದೇಶ ಮಾಡುತ್ತಾರೆ ಎಂಬುದು ಮೊದಲನೆಯದು. ರೈತರ, ಬಡವರ, ಪರಿಸರದ, ಹೆಣ್ಣುಮಕ್ಕಳ ಸಂಕಟವನ್ನು ತಮ್ಮ ಪುಟಕ್ಕೆ ಅಲಂಕಾರ ಮಾಡಿಕೊಂಡು ಕೈ ತೊಳೆದುಕೊಳ್ಳುತ್ತಾರೆ ಎಂಬುದು ಎರಡನೆಯದು. ಎರಡಕ್ಕೂ ಬೇರು ಒಂದೇ: ಯಾರ ಶ್ರಮ, ಯಾರ ನೋವು, ಯಾರಿಗೆ ಗಳಿಕೆ ಎಂಬ ಲೆಕ್ಕವನ್ನು ನೋಡುವವರಿಗೆ ತೋರಿಸದೆ ಇರುವುದು.

ಅನುಕೂಲಸ್ಥರ ಮನೆಯಲ್ಲಿ ಹುಟ್ಟುವುದೇ ತಪ್ಪು ಎನ್ನುವಿರಾ?

ಖಂಡಿತ ಇಲ್ಲ. ಅಪ್ಪನಿಗೆ ಅಂಗಡಿ ಇದೆ, ಮನೆಯ ಮುಂದೆ ಕಾರು ಇದೆ ಎಂಬ ಕಾರಣಕ್ಕೆ ಯಾರನ್ನೂ ಹೀಗಳೆಯಬಾರದು. ಆಕ್ಷೇಪ ಏಳುವುದು ಆ ಅನುಕೂಲವನ್ನು ಚೌಕಟ್ಟಿನಿಂದ ಹೊರಗಿಟ್ಟು ಉಳಿದವರನ್ನು ಅಳೆಯಲು ಹೊರಟಾಗ.

ನಮ್ಮ ಅವಳಿನಗರದ ಒಂದು ಸಂಗತಿಯನ್ನೇ ತೆಗೆದುಕೊಳ್ಳಿ. 2008ರಿಂದ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ಪ್ರಾಯೋಗಿಕವಾಗಿ ದಿನದ 24 ಗಂಟೆಯೂ ನಲ್ಲಿ ನೀರು ಸಿಗತೊಡಗಿತು. ಉಳಿದ ಬಹುಪಾಲು ಓಣಿಗಳು ಮಾತ್ರ ವರ್ಷಗಟ್ಟಲೆ ಹಲವು ದಿನಗಳಿಗೊಮ್ಮೆ ಬರುವ ನೀರಿನಲ್ಲೇ ಬದುಕಿವೆ. ನೀರು ಬಿಡುವ ದಿನ ಆ ಮನೆಗಳಲ್ಲಿ ಯಾರಾದರೊಬ್ಬರು ಕೆಲಸ ಬಿಟ್ಟು ನಿಲ್ಲಬೇಕು. ಅದು ಹೆಚ್ಚಾಗಿ ಮನೆಯ ಹೆಣ್ಣುಮಗಳೇ ಆಗಿರುತ್ತಾಳೆ. ಕೊಡ, ಬಕೆಟ್ಟು, ಡ್ರಮ್ಮು, ಕೊನೆಗೆ ಅಡುಗೆಯ ಪಾತ್ರೆಗಳನ್ನೂ ಸಾಲಾಗಿಟ್ಟು ತುಂಬಿಸಬೇಕು. ನೀರು ಬೆಳಗಿನ ಜಾವ ಬಂದರೆ ಆಗಲೇ ಏಳಬೇಕು, ನಡುಮಧ್ಯಾಹ್ನ ಬಂದರೆ ಆ ದಿನದ ಕೂಲಿ ಹೋಗುತ್ತದೆ. ಇಂಥ ಊರಿನಲ್ಲಿ ಕುಳಿತು, ಸ್ವಂತ ಬೋರ್‌ವೆಲ್ ಇರುವ ಮನೆಯವರು 'ಬೆಳಗ್ಗೆ ಐದಕ್ಕೆ ಎದ್ದು ಯೋಗ ಮಾಡಿ, ಶಿಸ್ತು ಇದ್ದರೆ ಎಲ್ಲವೂ ಸಾಧ್ಯ' ಎಂದು ವಿಡಿಯೊ ಹಾಕಿದರೆ, ಐದಕ್ಕಿಂತ ಮೊದಲೇ ಎದ್ದು ನೀರು ತುಂಬಿದ ಹೆಣ್ಣುಮಗಳಿಗೆ ಶಿಸ್ತಿನ ಪಾಠ ಹೇಳಿದಂತಾಗುತ್ತದೆ. ಯೋಗ ಒಳ್ಳೆಯದೇ, ಬೇಗ ಏಳುವುದೂ ಒಳ್ಳೆಯದೇ. 'ನನ್ನ ಮನೆಯಲ್ಲಿ ನೀರಿನ ಚಿಂತೆ ಇಲ್ಲ, ಕಸಮುಸುರೆಗೆ ಬೇರೆಯವರು ಬರುತ್ತಾರೆ, ಹಾಗಾಗಿ ಈ ಹೊತ್ತು ನನಗೆ ಸಿಗುತ್ತದೆ' ಎಂಬ ಒಂದು ಮಾತು ಜೊತೆಗಿದ್ದರೆ ಅದೇ ವಿಡಿಯೊ ಪ್ರಾಮಾಣಿಕವಾಗುತ್ತದೆ.

'ಎಲ್ಲರಿಗೂ ದಿನಕ್ಕೆ 24 ಗಂಟೆಯೇ' ಎಂಬ ಮಾತಿಗೆ ಅಷ್ಟು ವಿರೋಧ ಬಂದದ್ದು ಎಲ್ಲಿ?

ಬ್ರಿಟನ್ನಿನ ಇನ್‌ಫ್ಲುಯೆನ್ಸರ್ ಮಾಲಿ ಮೇ ಹೇಗ್ 2021ರ ಕೊನೆಯಲ್ಲಿ ಒಂದು ಪಾಡ್‌ಕಾಸ್ಟ್‌ನಲ್ಲಿ ಈ ಅರ್ಥದ ಮಾತನ್ನಾಡಿದರು. 2022ರ ಜನವರಿಯಲ್ಲಿ ಆ ತುಣುಕು ಹರಿದಾಡಿ, ದುಡಿದೂ ಬಡವರಾಗಿಯೇ ಉಳಿದವರ ಸ್ಥಿತಿ ಅವರಿಗೆ ಅರ್ಥವಾಗಿಲ್ಲ ಎಂಬ ಆಕ್ರೋಶ ಎದ್ದಿತು. ಅದಕ್ಕೆ ಮುನ್ನ 2021ರ ವಸಂತದಲ್ಲಿ ಅಮೆರಿಕದ ಲೇಖಕಿ ರೇಚಲ್ ಹಾಲಿಸ್ ತಮ್ಮ ಮನೆಗೆ ವಾರಕ್ಕೆ ಎರಡು ಬಾರಿ ಬಂದು ಸ್ವಚ್ಛ ಮಾಡುವ ಮಹಿಳೆಯ ವಿಷಯವನ್ನು ಪ್ರಸ್ತಾಪಿಸಿದ್ದರು. ಅದನ್ನು ಆಕ್ಷೇಪಿಸಿದ ವೀಕ್ಷಕರಿಗೆ ಬಿರುಸಾಗಿ ಉತ್ತರಿಸುತ್ತ, ಗುಲಾಮಗಿರಿಯ ವಿರುದ್ಧ ಹೋರಾಡಿದ ಹ್ಯಾರಿಯೆಟ್ ಟಬ್‌ಮನ್‌ರಂಥವರ ಸಾಲಿನಲ್ಲಿ ತಮ್ಮನ್ನೂ ಇರಿಸಿಕೊಂಡಂತೆ ಬರೆದದ್ದು ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ಕೊನೆಗೆ ಅವರು ಕ್ಷಮೆ ಕೇಳಬೇಕಾಯಿತು.

ಧಾರವಾಡದವರಿಗೆ ಈ ಮಾತಿನ ಟೊಳ್ಳು ತಿಳಿಯಲು ಬ್ರಿಟನ್ನಿನವರೆಗೆ ಹೋಗಬೇಕಿಲ್ಲ. ಸಪ್ತಾಪುರದ ಸುತ್ತಮುತ್ತ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಸಾವಿರಾರು ಹುಡುಗ ಹುಡುಗಿಯರಿದ್ದಾರೆ. ಕೋಣೆಯ ಬಾಡಿಗೆ, ಮೆಸ್ಸಿನ ಹಣ, ಲೈಬ್ರರಿಯ ತಿಂಗಳ ಶುಲ್ಕ ಮನೆಯಿಂದ ಬರುವವನು ಹನ್ನೆರಡು ಗಂಟೆ ಓದಬಲ್ಲ. ರಾತ್ರಿ ಹೋಟೆಲಿನಲ್ಲಿ ದುಡಿದು ಹಗಲು ಓದುವವನಿಗೆ ಆ ಹನ್ನೆರಡು ಗಂಟೆ ಎಲ್ಲಿಂದ ಬರಬೇಕು? ಹೊಸ ಬ್ಯಾಗು, ಹೊಸ ಟ್ಯಾಬ್, ಜೋಡಿಸಿಟ್ಟ ಮೇಜು ತೋರಿಸಿ 'ನೆಪ ಹೇಳಬೇಡಿ' ಎನ್ನುವ 'ಸ್ಟಡಿ ವಿಥ್ ಮಿ' ವಿಡಿಯೊಗಳು ಈ ಹುಡುಗರ ಮೇಲೆ ಮಾಡುವ ಗಾಯವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದಾಗ ಅವರು ದೂರುವುದು ತಮ್ಮ ಪರಿಸ್ಥಿತಿಯನ್ನು ಅಲ್ಲವೇ ಅಲ್ಲ, ತಮ್ಮನ್ನೇ.

ತೋರಿಕೆಯ ಹೋರಾಟ ಎಂದು ಯಾವುದನ್ನು ಕರೆಯುತ್ತೀರಿ?

ಒಂದು ಅನ್ಯಾಯದ ಬಗ್ಗೆ ದನಿ ಎತ್ತಿದಂತೆ ಕಾಣಿಸುವ, ಆದರೆ ದನಿ ಎತ್ತಿದವರಿಗೆ ಹೆಸರನ್ನೂ ನೊಂದವರಿಗೆ ಸೊನ್ನೆಯನ್ನೂ ತರುವ ಕೆಲಸವನ್ನು ನಾನು ಹಾಗೆ ಕರೆಯುತ್ತೇನೆ. ಮಾಡಿದವರ ಮನಸ್ಸಿನಲ್ಲಿ ಏನಿತ್ತು ಎಂದು ಹೊರಗಿನವರು ಹೇಳಲಾರರು. ಹಾಗಾಗಿ ಉದ್ದೇಶವನ್ನು ಬಿಟ್ಟು, ಆ ಪೋಸ್ಟ್ ಏನು ಮಾಡಿತು ಎಂಬುದನ್ನು ನೋಡುವುದೇ ನ್ಯಾಯ.

ಇದಕ್ಕೆ ಎಲ್ಲರೂ ಕೊಡುವ ನಿದರ್ಶನ 2020ರ ಜೂನ್ 2ರದ್ದು. ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪುವರ್ಣೀಯರನ್ನು ಪೊಲೀಸರು ಕೊಂದದ್ದನ್ನು ಖಂಡಿಸಿ, 'ಬ್ಲ್ಯಾಕ್‌ಔಟ್ ಟ್ಯೂಸ್‌ಡೇ' ಹೆಸರಿನಲ್ಲಿ ಕೋಟ್ಯಂತರ ಜನ ಇನ್‌ಸ್ಟಾಗ್ರಾಂನಲ್ಲಿ ಬರಿಯ ಕಪ್ಪು ಚೌಕ ಹಾಕಿದರು. ಹಲವರು ಅದಕ್ಕೆ 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' ಚಳವಳಿಯದೇ ಹ್ಯಾಷ್‌ಟ್ಯಾಗ್ ಸೇರಿಸಿದ್ದರಿಂದ, ಪ್ರತಿಭಟನೆ ಎಲ್ಲಿದೆ, ಬಂಧಿತರಿಗೆ ವಕೀಲರು ಎಲ್ಲಿ ಸಿಗುತ್ತಾರೆ ಎಂಬ ತುರ್ತು ಮಾಹಿತಿ ಕಪ್ಪು ಚೌಕಗಳ ಅಡಿಯಲ್ಲಿ ಹೂತುಹೋಯಿತು. ಚಳವಳಿಯವರೇ ಆ ಹ್ಯಾಷ್‌ಟ್ಯಾಗ್ ತೆಗೆಯಿರಿ ಎಂದು ಬೇಡಿಕೊಳ್ಳುವ ಪರಿಸ್ಥಿತಿ ಬಂತು. ನಮ್ಮ ದೇಶದಲ್ಲಿ ಅದೇ ಹೊತ್ತಿಗೆ ವರ್ಣಭೇದ ಖಂಡಿಸಿದ ಕೆಲವು ಸಿನಿಮಾ ತಾರೆಯರಿಗೆ, ಅವರು ಮುಖ ಬೆಳ್ಳಗೆ ಮಾಡುವ ಕ್ರೀಮುಗಳ ಜಾಹೀರಾತಿನಲ್ಲಿ ನಟಿಸಿದ್ದನ್ನು ಜನ ನೆನಪಿಸಿದರು. ಆ ಚರ್ಚೆಯ ಕಾವಿನಲ್ಲೇ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ 'ಫೇರ್' ಕೈಬಿಟ್ಟು ಗ್ಲೋ ಅಂಡ್ ಲವ್ಲಿ ಆಯಿತು.

2024ರ ಮೇ ಕೊನೆಯಲ್ಲಿ ಗಾಜಾದ ರಫಾ ಕುರಿತ ಒಂದು ಚಿತ್ರ ಇನ್‌ಸ್ಟಾಗ್ರಾಂ ಸ್ಟೋರಿಗಳಲ್ಲಿ 4 ಕೋಟಿಗೂ ಹೆಚ್ಚು ಬಾರಿ ಹಂಚಿಕೆಯಾಯಿತು. ಅದು ಕೃತಕ ಬುದ್ಧಿಮತ್ತೆಯಿಂದ ರಚಿಸಿದ, ಒಬ್ಬ ಮನುಷ್ಯನ ಮುಖವೂ ಕಾಣದ ಚಿತ್ರ. ಅಲ್ಲಿನ ನಿಜವಾದ ಫೋಟೊಗಳನ್ನು ಪ್ರಾಣ ಪಣಕ್ಕಿಟ್ಟು ತೆಗೆಯುತ್ತಿದ್ದ ಪತ್ರಕರ್ತರ ಕೆಲಸ ಅಷ್ಟು ಹರಡಲಿಲ್ಲ. ನೋಡುವವರ ಕಣ್ಣಿಗೆ ನೋವಾಗದ ಚಿತ್ರವೇ ಹೆಚ್ಚು ಓಡುತ್ತದೆ ಎಂಬ ಕಹಿಸತ್ಯ ಅಲ್ಲಿ ಬಯಲಾಯಿತು.

ನಮ್ಮ ಭಾಗದಲ್ಲಿ ಇಂಥದ್ದು ಎಲ್ಲಿ ಕಾಣುತ್ತದೆ?

ಬೆಂಗೇರಿಯಲ್ಲಿ ಕಾಣುತ್ತದೆ, ಅದೂ ಪ್ರತಿ ಆಗಸ್ಟಿನಲ್ಲಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಹುಟ್ಟಿದ್ದು. ಭಾರತೀಯ ಮಾನಕ ಬ್ಯೂರೊದ ಮಾನ್ಯತೆಯೊಂದಿಗೆ ಅಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಬಟ್ಟೆ ಇಲ್ಲಿಗೆ ಬಂದು, ಬಣ್ಣ ಪಡೆದು, ಚಕ್ರ ಮುದ್ರಿಸಿಕೊಂಡು, ಹೊಲಿಗೆಗೆ ಹೋಗುತ್ತದೆ. ಚಕ್ರದ 24 ಗೆರೆಗಳು ಬಟ್ಟೆಯ ಎರಡೂ ಬದಿಯಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರಬೇಕು, ಮೂರು ಪಟ್ಟಿಗಳ ಅಗಲ ಒಂದೇ ಇರಬೇಕು. ಅಳತೆ ತಪ್ಪಿದರೆ ಧ್ವಜ ತಿರಸ್ಕೃತವಾಗುತ್ತದೆ. ಈ ಕೆಲಸ ಮಾಡುವವರಲ್ಲಿ ಬಹುಪಾಲು ಮಹಿಳೆಯರು.

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಮಾಡಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ನೀಡಲಾಯಿತು. 2022ರ ಆಗಸ್ಟಿನಲ್ಲಿ ಮನೆಮನೆಯ ಮೇಲೆ ಧ್ವಜ ಹಾರಿಸುವ ಅಭಿಯಾನ ನಡೆಯಿತು. ಧ್ವಜಕ್ಕೆ ಹಿಂದೆಂದೂ ಇಲ್ಲದ ಬೇಡಿಕೆ ಹುಟ್ಟಿದ ಹೊತ್ತಿನಲ್ಲೇ ಬೆಂಗೇರಿಯ ಖಾದಿ ಧ್ವಜದವರು ತಮ್ಮ ಕೆಲಸಕ್ಕೆ ಕುತ್ತು ಬಂತೆಂದು ಪ್ರತಿಭಟನೆಗೆ ಇಳಿಯಬೇಕಾಯಿತು. ಸರ್ಕಾರದ ನಿರ್ಧಾರ ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ. ಅಗ್ಗದ ಧ್ವಜ ಬಡವರ ಮನೆಗೂ ತಲುಪಿತು ಎಂಬ ವಾದದಲ್ಲಿ ಹುರುಳಿದೆ. ನಾನು ಹೇಳಬೇಕೆಂದಿರುವುದು ಇಷ್ಟು: ಬೆಂಗೇರಿಗೆ ಆಟೊದಲ್ಲಿ ಹೋಗಿಬರುವಷ್ಟು ಹತ್ತಿರ ಇದ್ದು, ಮೈತುಂಬ ಖಾದಿ ಉಟ್ಟು, ಕೈಯಲ್ಲಿ ಪಾಲಿಯೆಸ್ಟರ್ ಧ್ವಜ ಹಿಡಿದು 'ನಮ್ಮ ನೇಕಾರರನ್ನು ಬೆಂಬಲಿಸಿ' ಎಂದು ಬರೆಯುವವರು, ಒಮ್ಮೆ ಅಲ್ಲಿಗೆ ಹೋಗಿ ಒಂದು ಧ್ವಜ ಕೊಂಡಿದ್ದರೆ ಆ ಬರಹಕ್ಕೆ ತೂಕ ಬರುತ್ತಿತ್ತು.

ಸಸಿ ನೆಡುವ ಫೋಟೊ ಹಾಕಿದರೂ ತಪ್ಪು ಹುಡುಕುವಿರಾ?

ಸಸಿ ನೆಡುವವರಲ್ಲಿ ತಪ್ಪು ಹುಡುಕುವುದಿಲ್ಲ. ವಿಶ್ವ ಪರಿಸರ ದಿನವಾದ ಜೂನ್ 5ರಂದು ನೆಟ್ಟ ಸಸಿಗೆ ಮುಂದಿನ ಏಪ್ರಿಲ್‌ನಲ್ಲಿ ನೀರು ಹಾಕಿದವರು ಯಾರು ಎಂದು ಮಾತ್ರ ಕೇಳುತ್ತೇನೆ. ನಮ್ಮ ನೆಲಕ್ಕೆ ಈ ಪ್ರಶ್ನೆ ಕೇಳುವ ಹಕ್ಕಿದೆ, ಏಕೆಂದರೆ ಸಸಿಯನ್ನು ಹೋರಾಟದ ಆಯುಧ ಮಾಡಿಕೊಂಡವರು ಇಲ್ಲಿಯ ಜನ. 1984ರ ಸುಮಾರಿಗೆ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಎಂಬ ಖಾಸಗಿ ಕಾರ್ಖಾನೆ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿ, ಹಳ್ಳಿಗರು ದನ ಮೇಯಿಸುವ, ಉರುವಲು ಆಯುವ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟವು. 1987ರ ನವೆಂಬರ್ 14ರಂದು, ಆಗಿನ ಅವಿಭಜಿತ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಉಪಯೋಗಕ್ಕೆ ಬರುವ ಗಿಡಗಳನ್ನು ಹಚ್ಚಿದರು. 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಎಂದು ಅದು ಹೆಸರಾಯಿತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯವರು ಹಳ್ಳಿಗರೊಂದಿಗೆ ನಿಂತರು, ಸುಪ್ರೀಂ ಕೋರ್ಟ್‌ಗೆ ಹೋದರು, ಬಂಧನಕ್ಕೆ ಒಳಗಾದರು. 1990ರ ದಶಕದ ಆರಂಭದಲ್ಲಿ ಆ ಕಂಪನಿ ಮುಚ್ಚಿತು. ಕಿತ್ತವರಿಗೂ ಹಚ್ಚಿದವರಿಗೂ ಪೊಲೀಸರ ಭಯ ಇತ್ತು, ಕೂಲಿ ಕಳೆದುಕೊಳ್ಳುವ ಕಷ್ಟ ಇತ್ತು, ಆದರೂ ಮಾಡಿದರು.

ಗದಗ ಜಿಲ್ಲೆಯ ಕಪ್ಪತಗುಡ್ಡದ ಕಥೆಯೂ ಹೀಗೆಯೇ ಇದೆ. 2015ರಲ್ಲಿ ಸಿಕ್ಕಿದ್ದ ಸಂರಕ್ಷಿತ ಪ್ರದೇಶದ ಮಾನ್ಯತೆಯನ್ನು 2016ರಲ್ಲಿ ಸರ್ಕಾರ ಹಿಂದಕ್ಕೆ ಪಡೆದಾಗ, ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಧರಣಿ ಕುಳಿತರು. 2017ರಲ್ಲಿ ಮಾನ್ಯತೆ ಮರಳಿತು, 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಇಂದು ಆ ಗುಡ್ಡದ ಮೇಲೆ ನಿಂತು ಮೋಡದ ವಿಡಿಯೊ ಮಾಡುವವರು ಈ ಕಥೆಯನ್ನು ನಾಲ್ಕು ಸಾಲು ಹೇಳಿದರೂ ಸಾಕು, ಅದು ನಿಜವಾದ ಉಪಕಾರ.

ಹಾಗಾದರೆ ಹೆಸರಾಂತರು ದನಿಗೂಡಿಸುವುದರಿಂದ ಪ್ರಯೋಜನವೇ ಇಲ್ಲವೇ?

ಪ್ರಯೋಜನ ಇದೆ. ಮಹದಾಯಿ ನದಿಯ ನೀರನ್ನು ಈ ಕಡೆಗೆ ತರುವ ಕಳಸಾ-ಬಂಡೂರಿ ಯೋಜನೆಗಾಗಿ ನರಗುಂದ, ನವಲಗುಂದದ ರೈತರು 2015ರಲ್ಲಿ ಧರಣಿ ಆರಂಭಿಸಿದಾಗ ಕನ್ನಡ ಚಿತ್ರರಂಗದ ನಟರು ಹುಬ್ಬಳ್ಳಿಗೆ ಬಂದು ಬೆಂಬಲಿಸಿದರು. ಮಹದಾಯಿ ನೀರಿನ ಪ್ರಶ್ನೆ ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಮಾತಾದದ್ದರಲ್ಲಿ ಅವರ ಪಾಲೂ ಇದೆ. ಆದರೆ ವೇದಿಕೆ ಇಳಿದ ಮೇಲೂ ಧರಣಿ ಮುಂದುವರಿಸಿದವರು ರೈತರು. 2016ರ ಜುಲೈನಲ್ಲಿ ಮಹದಾಯಿ ಜಲವಿವಾದ ನ್ಯಾಯಮಂಡಳಿ ಕರ್ನಾಟಕದ ಮಧ್ಯಂತರ ಅರ್ಜಿ ತಳ್ಳಿಹಾಕಿದಾಗ ನವಲಗುಂದ ತಾಲೂಕಿನ ಯಮನೂರಿನಲ್ಲಿ ಪೊಲೀಸರ ಲಾಠಿ ಏಟು ಬಿದ್ದದ್ದು ಹಳ್ಳಿಯವರ ಮೈಮೇಲೆ. 2018ರ ಆಗಸ್ಟ್ 14ರ ಅಂತಿಮ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿಕೆಯಾಯಿತು. ಇಷ್ಟು ದೀರ್ಘ ಹೋರಾಟದಲ್ಲಿ ಒಂದು ದಿನ ಬಂದವರನ್ನು ನಾನು ಹಳಿಯುವುದಿಲ್ಲ. ಆ ಒಂದು ದಿನವನ್ನೇ ಇಡೀ ಹೋರಾಟವೆಂಬಂತೆ ವರ್ಷಗಟ್ಟಲೆ ತೋರಿಸುವುದನ್ನು ಒಪ್ಪಲಾರೆ.

ನೆರವು ಕೊಡುವಾಗ ವಿಡಿಯೊ ಮಾಡಬಾರದೇ? ಅದನ್ನು ನೋಡಿ ಇತರರೂ ಕೊಡುತ್ತಾರಲ್ಲ?

ಈ ವಾದವನ್ನು ತಳ್ಳಿಹಾಕಲಾಗದು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹೊಳೆಆಲೂರು, ಕೊಣ್ಣೂರು ಕಡೆಯ ಊರುಗಳು ಮುಳುಗಿದಾಗ, 2020ರ ಲಾಕ್‌ಡೌನ್‌ನಲ್ಲಿ ಕೂಲಿಕಾರರು ಕೆಲಸ ಕಳೆದುಕೊಂಡಾಗ, ಸಾಮಾಜಿಕ ಜಾಲತಾಣದ ಮೂಲಕ ಅಕ್ಕಿ, ಬೇಳೆ, ಹಾಸಿಗೆ ತಲುಪಿದ್ದು ನಿಜ. ಪ್ರಶ್ನೆ ಇರುವುದು ಕ್ಯಾಮೆರಾ ಯಾರ ಮುಖದ ಮೇಲೆ ನಿಲ್ಲುತ್ತದೆ ಎಂಬುದರಲ್ಲಿ. ಕಿಟ್ ಕೊಡುವ ಕೈ ಒಂದು ಕ್ಷಣ ಹಾಗೆಯೇ ನಿಂತು, ತೆಗೆದುಕೊಳ್ಳುವ ಮುದುಕಿ ತಲೆಯೆತ್ತಿ ಕ್ಯಾಮೆರಾ ನೋಡುವವರೆಗೆ ಕಾಯುತ್ತದೆ. ಆಕೆ ಸೆರಗನ್ನು ಮುಖಕ್ಕೆ ಎಳೆದುಕೊಂಡರೆ 'ಅಜ್ಜಿ, ಸ್ವಲ್ಪ ಈ ಕಡೆ ನೋಡ್ರಿ' ಎಂಬ ಮಾತು ಬರುತ್ತದೆ. ಹಸಿದವರು ಆ ಹೊತ್ತಿನಲ್ಲಿ ಬೇಡ ಎನ್ನಲಾರರು. ಬೇಡ ಎನ್ನಲಾಗದವರಿಂದ ಪಡೆದ ಒಪ್ಪಿಗೆಗೆ ಬೆಲೆ ಇಲ್ಲ.

ಸಾಮಾನು ತೋರಿಸಿ, ಖರ್ಚಿನ ಪಟ್ಟಿ ತೋರಿಸಿ, ಬಂದ ದೇಣಿಗೆ ಎಷ್ಟು, ಉಳಿದದ್ದೆಷ್ಟು ಎಂದು ಬರೆಯಿರಿ. ಇತರರು ಕೊಡಲು ಇಷ್ಟು ಸಾಕು. ಪಡೆದವರ ಮುಖ, ಊರಿನ ಓಣಿ, ಮಕ್ಕಳ ಹೆಸರು ಬೇಕಾಗುವುದಿಲ್ಲ.

ಕೈಕಸೂತಿ, ಮೆಣಸಿನಕಾಯಿ ಇಂಥ ಸ್ಥಳೀಯ ಸಂಗತಿಗಳನ್ನು ತೋರಿಸಿದರೆ ಊರಿಗೆ ಒಳ್ಳೆಯದಲ್ಲವೇ?

ತೋರಿಸುವ ಬಗೆಯ ಮೇಲೆ ಇದೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಗುರುತು ಹಾಕಿಕೊಳ್ಳುವುದಿಲ್ಲ. ಎಳೆ ಎಣಿಸಿ ಎಣಿಸಿ ಹೊಲಿಗೆ ಹಾಕುತ್ತಾರೆ, ಗಂಟು ಹಾಕದೆ ಗವಂತಿ ಹೊಲಿಗೆಯನ್ನು ಹಿಂದುಮುಂದು ಒಂದೇ ಆಗಿ ಕಾಣುವಂತೆ ಮೂಡಿಸುತ್ತಾರೆ. ಒಂದು ಸೀರೆಗೆ ವಾರಗಳೇ ಹಿಡಿಯುತ್ತವೆ, ಕಣ್ಣು ಸೋಲುತ್ತದೆ. ಅಂಥ ಸೀರೆಯನ್ನು 'ಕೊಲಾಬ್' ಹೆಸರಿನಲ್ಲಿ ಪುಕ್ಕಟೆ ಕೇಳಿ, 'ನಿಮಗೆ ಪ್ರಚಾರ ಸಿಗುತ್ತದೆ' ಎನ್ನುವ ಪದ್ಧತಿ ಬೆಳೆದಿದೆ. ದೊಡ್ಡ ಅಂಗಡಿಗೆ ಒಂದು ಸೀರೆ ಲೆಕ್ಕಕ್ಕಿಲ್ಲ. ಮನೆಯಲ್ಲಿ ಕುಳಿತು ಹೊಲಿಯುವ ಹೆಣ್ಣುಮಗಳಿಗೆ ಅದು ತಿಂಗಳ ಗಳಿಕೆ. ಆ ಸೀರೆ ಉಟ್ಟು 'ಕುಶಲಕರ್ಮಿಗಳನ್ನು ಉಳಿಸಿ' ಎಂದು ಬರೆಯುವುದಾದರೆ ಮೊದಲು ಹಣ ಕೊಟ್ಟು ಕೊಳ್ಳಬೇಕು, ಹೊಲಿದವರು ಒಪ್ಪಿದರೆ ಅವರ ಹೆಸರನ್ನೂ ಹೇಳಬೇಕು.

ಬ್ಯಾಡಗಿಯಲ್ಲಿ ಬೇಸಿಗೆಯ ಮುನ್ನ ಕಣ ತುಂಬ ಹರಡಿದ ಕೆಂಪು ಮೆಣಸಿನಕಾಯಿ ಕ್ಯಾಮೆರಾಕ್ಕೆ ಬಹಳ ಚೆಂದ. ಅದರ ನಡುವೆ ನಡೆದು ಹೋಗುವ ರೀಲ್ಸ್ ಸಾಕಷ್ಟಿವೆ. ಅದೇ ಕಣದ ಅಂಚಿನಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಬೆರಳು ಸಂಜೆಯಾದರೂ ಉರಿಯುತ್ತಿರುತ್ತವೆ, ಮನೆಗೆ ಹೋಗಿ ಮಗುವನ್ನು ಮುಟ್ಟಲೂ ಹೆದರುತ್ತಾರೆ. 2024ರ ಮಾರ್ಚ್ 11ರಂದು ಬೆಲೆ ಕುಸಿದ ಸಿಟ್ಟಿನಲ್ಲಿ ರೈತರು ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚುವಷ್ಟು ಮುಂದೆ ಹೋದರು. ಬೆಂಕಿ ಹಚ್ಚಿದ್ದನ್ನು ಸಮರ್ಥಿಸಲಾಗದು, ಆದರೆ ಆ ಬೆಳೆಯ ಹಿಂದೆ ಎಷ್ಟು ಸಾಲ, ಎಷ್ಟು ಆತಂಕ ಇದೆ ಎಂಬುದು ಆ ದಿನ ತಿಳಿಯಿತು. ಮೆಣಸಿನಕಾಯಿಯ ಕೆಂಪನ್ನು ಬಳಸಿಕೊಂಡವರು ಅದರ ದರದ ಬಗ್ಗೆಯೂ ಒಂದು ಮಾತು ಆಡಲಿ ಎಂದು ನಿರೀಕ್ಷಿಸುವುದು ಅತಿಯಾಸೆಯಲ್ಲ.

ಏನೂ ಹೇಳದೆ ಸುಮ್ಮನಿದ್ದರೆ ಅದಕ್ಕೂ ಬೈಯುತ್ತಾರಲ್ಲ?

ಹೌದು, ಬೈಯುತ್ತಾರೆ. 2024ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಮೆಟ್ ಗಾಲಾ ಎಂಬ ಅದ್ದೂರಿ ಫ್ಯಾಷನ್ ಸಮಾರಂಭದ ವೇಳೆ ಹೇಲಿ ಕೇಲಿಲ್ ಎಂಬ ಇನ್‌ಫ್ಲುಯೆನ್ಸರ್, ಬಡವರಿಗೆ ರೊಟ್ಟಿಯಿಲ್ಲದಿದ್ದರೆ ಕೇಕ್ ತಿನ್ನಲಿ ಎಂಬ ಪ್ರಸಿದ್ಧ ಮಾತಿಗೆ ತುಟಿ ಆಡಿಸಿದ ವಿಡಿಯೊ ಹಾಕಿದರು. ಗಾಜಾದಲ್ಲಿ ಜನ ಹಸಿವಿನಿಂದ ನರಳುತ್ತಿದ್ದ ಆ ದಿನಗಳಲ್ಲಿ ಅದು ಸಹಿಸಲಾಗದೆ, ಮೌನವಾಗಿದ್ದ ತಾರೆಯರನ್ನೆಲ್ಲ ಬ್ಲಾಕ್ ಮಾಡುವ 'ಬ್ಲಾಕ್‌ಔಟ್' ಅಭಿಯಾನ ಬೆಳೆಯಿತು. ನನ್ನ ಅಭಿಪ್ರಾಯ ಇದು: ಜಗತ್ತಿನ ಪ್ರತಿ ವಿಷಯಕ್ಕೂ ಹೇಳಿಕೆ ಕೊಡುವ ಬಾಧ್ಯತೆ ಅಡುಗೆಯ ವಿಡಿಯೊ ಮಾಡುವವರಿಗೆ ಇಲ್ಲ. ತಿಳಿಯದ ವಿಷಯದಲ್ಲಿ ಮೌನವೇ ಲೇಸು. ತಾವು ಹಣ ಪಡೆದ ವಸ್ತುವಿನ ಬಗ್ಗೆ, ತಾವು ನಿಂತು ಚಿತ್ರೀಕರಿಸಿದ ಊರಿನ ಬಗ್ಗೆ ಪ್ರಶ್ನೆ ಬಂದಾಗ ಮಾತ್ರ ಮೌನ ತಪ್ಪಾಗುತ್ತದೆ.

ಈ ಟೀಕೆಯ ಹೆಸರಿನಲ್ಲಿ ಬಡ ಮನೆಯ ಹುಡುಗಿಯರೇ ಹೆಚ್ಚು ಬೈಗುಳ ತಿನ್ನುತ್ತಿಲ್ಲವೇ?

ನನಗೆ ಅತ್ಯಂತ ಬೇಸರ ತರಿಸುವ ಸಂಗತಿ ಇದೇ. ಬೆಂಗಳೂರಿನ ಅನುಕೂಲಸ್ಥ ಮನೆತನದವರು ವಿದೇಶ ಪ್ರವಾಸ ತೋರಿಸಿದರೆ 'ಸ್ಫೂರ್ತಿ' ಎನ್ನುವ ಕಣ್ಣುಗಳೇ, ಶಿಗ್ಗಾಂವಿ ಅಥವಾ ರೋಣದ ಕಡೆಯ ಹುಡುಗಿ ಹೊಲದ ಬದುವಿನ ಮೇಲೆ ಕುಣಿದರೆ 'ಮನ್ಯಾಗ ಹೇಳವರು ಕೇಳವರು ಯಾರೂ ಇಲ್ಲೇನ' ಎಂದು ಬರೆಯುತ್ತವೆ. ಆಕೆಯ ಮಾತಿನ ಧಾಟಿ, ಬಣ್ಣ, ಜಾತಿ, ಉಟ್ಟ ಬಟ್ಟೆ ಎಲ್ಲವೂ ಹೀಯಾಳಿಕೆಗೆ ಗುರಿಯಾಗುತ್ತವೆ. ಆಕೆಗೆ ಯಾವ ಅನುಕೂಲವೂ ಇಲ್ಲ. ಕೈಯಲ್ಲೊಂದು ಮೊಬೈಲು, ಕಲಿಯುವ ಉತ್ಸಾಹ ಬಿಟ್ಟರೆ ಬೇರೇನೂ ಇಲ್ಲ. ಉಳ್ಳವರನ್ನು ಪ್ರಶ್ನಿಸಲೆಂದು ಹುಟ್ಟಿದ ಟೀಕೆ ಇಲ್ಲದವರ ಬಾಯಿ ಮುಚ್ಚಿಸಲು ಬಳಕೆಯಾದರೆ ಅದನ್ನು ಟೀಕೆ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಕಮೆಂಟ್ ಹಾಕುವ ಮುನ್ನ ಎದುರಿರುವವರು ನಮಗಿಂತ ಬಲಿಷ್ಠರೋ ದುರ್ಬಲರೋ ಎಂದು ನೋಡಿಕೊಳ್ಳುವುದು ಪ್ರತಿಯೊಬ್ಬರ ಕರ್ತವ್ಯ.

ಕಾನೂನು ಏನು ಹೇಳುತ್ತದೆ?

ತೋರಿಕೆಯ ಕಳಕಳಿಗೆ ಕಾನೂನಿನಲ್ಲಿ ಶಿಕ್ಷೆ ಇಲ್ಲ, ಇರಲೂ ಬಾರದು. ಹಣ ಪಡೆದು ಪ್ರಚಾರ ಮಾಡಿ ಅದನ್ನು ಮುಚ್ಚಿಡುವುದಕ್ಕೆ ಮಾತ್ರ ನಿಯಮಗಳಿವೆ. ಭಾರತೀಯ ಜಾಹೀರಾತು ಮಾನದಂಡ ಮಂಡಳಿಯ ಇನ್‌ಫ್ಲುಯೆನ್ಸರ್ ಮಾರ್ಗಸೂಚಿ 2021ರ ಜೂನ್ 14ರಿಂದ ಜಾರಿಯಲ್ಲಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ತನ್ನದೇ ಮಾರ್ಗದರ್ಶಿ ಹೊರಡಿಸಿತು. ಹಣ, ಉಚಿತ ವಸ್ತು, ಪ್ರವಾಸ, ಏನೇ ಪಡೆದಿದ್ದರೂ ಸುಲಭವಾಗಿ ಕಣ್ಣಿಗೆ ಬೀಳುವಂತೆ ತಿಳಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಪರಿಸರಸ್ನೇಹಿ ಎಂದು ಸುಳ್ಳು ಹೇಳಿ ಮಾರುವುದರ ವಿರುದ್ಧ 2024ರ ಅಕ್ಟೋಬರ್‌ನಲ್ಲಿ ಪ್ರತ್ಯೇಕ ಮಾರ್ಗಸೂಚಿ ಬಂದಿದೆ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಟೀಕೆ ಬರೆಯುವವರು ಯಾವ ಎಚ್ಚರ ವಹಿಸಬೇಕು?

ಇನ್‌ಫ್ಲುಯೆನ್ಸರ್ ಏನು ಹೇಳಿದರು, ಏನು ಮಾಡಿದರು ಎಂಬುದರ ಬಗ್ಗೆ ಬರೆಯಿರಿ. ಮನೆಯ ವಿಳಾಸ, ಮಕ್ಕಳ ಶಾಲೆ, ಗಂಡ ಹೆಂಡತಿಯ ಜಗಳ ಇವೆಲ್ಲ ನಮಗೆ ಸಂಬಂಧಿಸಿದವಲ್ಲ. ತುಂಡು ಮಾಡಿದ ವಿಡಿಯೊ ನೋಡಿ ಬರೆಯಬೇಡಿ, ಪೂರ್ತಿ ನೋಡಿ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಮಾನಹಾನಿ ಇಂದಿಗೂ ಅಪರಾಧ. ಸತ್ಯವಾದದ್ದನ್ನು ಸಾರ್ವಜನಿಕ ಹಿತಕ್ಕಾಗಿ ಹೇಳಿದರೆ ರಕ್ಷಣೆ ಇದೆ, ಊಹೆಗೆ ಇಲ್ಲ.

ಇನ್‌ಫ್ಲುಯೆನ್ಸರ್‌ಗಳು ಕ್ಷಮೆ ಕೇಳಿದರೆ ನಂಬಬೇಕೇ?

'ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ' ಎಂಬುದು ನೋವಾದವರನ್ನೇ ಅನುಮಾನಿಸುವ ಮಾತು. ತಾನು ಮಾಡಿದ್ದೇನು, ಅದರಿಂದ ತೊಂದರೆ ಯಾರಿಗಾಯಿತು, ಅದನ್ನು ಸರಿಪಡಿಸಲು ಏನು ಮಾಡುತ್ತೇನೆ ಎಂಬ ಮೂರೂ ಇದ್ದರೆ ನಂಬಿ, ಮತ್ತೆ ಕೆದಕಬೇಡಿ. ತಿದ್ದಿಕೊಂಡವರನ್ನು ಜೀವನವಿಡೀ ಹಳೆಯ ವಿಡಿಯೊದಿಂದ ಹೊಡೆಯುವುದು ಸರಿಯಲ್ಲ.

ನನಗೂ ಸ್ವಲ್ಪ ಫಾಲೋವರ್‌ಗಳಿದ್ದಾರೆ. ಊರಿನ ಸಮಸ್ಯೆಯ ಬಗ್ಗೆ ಮಾತನಾಡಬೇಕೆಂಬ ಆಸೆ ಇದೆ. ಹೇಗೆ ಆರಂಭಿಸಲಿ?

ನಿಮ್ಮ ಓಣಿಯಿಂದ ಆರಂಭಿಸಿ. ನಿಮ್ಮ ವಾರ್ಡಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂದು ತಿಂಗಳುಗಟ್ಟಲೆ ದಿನಾಂಕ ಸಹಿತ ಹಾಕುತ್ತ ಬನ್ನಿ, ಪಾಲಿಕೆಗೆ ಕೊಟ್ಟ ಅರ್ಜಿಯ ಪ್ರತಿಯನ್ನು ಹಾಕಿ, ಉತ್ತರ ಬಂದರೆ ಅದನ್ನೂ ಹಾಕಿ. ಆ ವಿಷಯದಲ್ಲಿ ಮೊದಲಿನಿಂದ ದುಡಿಯುತ್ತಿರುವವರನ್ನು ಹುಡುಕಿ, ಅವರು ಮಾತನಾಡಲಿ, ನೀವು ಕ್ಯಾಮೆರಾ ಹಿಡಿಯಿರಿ. ಆ ವಿಡಿಯೊದಿಂದ ಜಾಹೀರಾತಿನ ಹಣ ಬಂದರೆ ಎಷ್ಟು ಬಂತು, ಯಾರಿಗೆ ಹೋಯಿತು ಎಂದು ತಿಳಿಸಿ. ಹೀಗೆ ಮಾಡಿದರೆ ವೀಕ್ಷಣೆ ಕಡಿಮೆ ಬರಬಹುದು. ಆರು ತಿಂಗಳಾದ ಮೇಲೂ ಅದೇ ವಿಷಯದ ಬಗ್ಗೆ ನೀವು ಹಾಕುತ್ತಿದ್ದರೆ ಮತ್ತು ನಿಮ್ಮ ಓಣಿಯವರು ನೀರು ಬಂದ ದಿನ ತಾವಾಗಿಯೇ ನಿಮಗೆ ಮೆಸೇಜ್ ಕಳಿಸುತ್ತಿದ್ದರೆ, ಆ ಪುಟವನ್ನು ಯಾರೂ ತೋರಿಕೆಯದೆಂದು ಕರೆಯಲಾರರು.